ಕಡಲ ತಳಕ್ಕೆ ಬಿಟ್ಟ ಭೂಕಂಪನಮಾಪಕ ನಿಜವಾಗಿ ಎಲ್ಲಿ ಕುಳಿತಿದೆ?

ಪ್ರಶ್ನೆ (ಭೂವಿಜ್ಞಾನ ವಿದ್ಯಾರ್ಥಿನಿ, ಹಾಸನ): ಸರ್, ಸೆಮಿನಾರಿಗಾಗಿ ಆಳಸಮುದ್ರದ ಸೀಸ್ಮಿಕ್ ಸರ್ವೆಯ (ಅಲೆಗಳನ್ನು ಕಳುಹಿಸಿ ತಳದ ಕೆಳಗಿನ ಪದರಗಳನ್ನು ತಿಳಿಯುವ ವಿಧಾನದ) ಬಗ್ಗೆ ಓದುತ್ತಿದ್ದೇನೆ. ಹಡಗಿನಲ್ಲಿ ಜಿಪಿಎಸ್ ಇರುವುದರಿಂದ ಮಾಪಕವನ್ನು ಬಿಟ್ಟ ಜಾಗವೂ ಅಲೆ ಎಬ್ಬಿಸಲು ಏರ್‌ಗನ್ (ಒತ್ತಿದ ಗಾಳಿಯನ್ನು ನೀರಿನೊಳಗೆ ಬಿಡುವ ಸಾಧನ) ಸಿಡಿಸಿದ ಜಾಗವೂ ತಿಳಿದೇ ಇರುತ್ತವೆ. ಹಾಗಿದ್ದರೂ ಸ್ಥಾನವನ್ನು ತಿದ್ದುವುದೇಕೆ?

ಉತ್ತರ (ನಿವೃತ್ತ ಭೂಭೌತ ವಿಜ್ಞಾನಿ, ಮೂಡಿಗೆರೆ): ತಿಳಿದಿರುವುದು ಮಾಪಕ ನೀರಿಗೆ ಬಿದ್ದ ಜಾಗವೇ ಹೊರತು ತಳ ಸೇರಿದ ಜಾಗವಲ್ಲ. ಮಳೆಗಾಲದ ಹೇಮಾವತಿಯಲ್ಲಿ ತೆಪ್ಪ ನೇರ ಎದುರಿನ ದಡವನ್ನು ಸೇರದಂತೆ, ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ 4 ಕಿ.ಮೀ. ಆಳಕ್ಕೆ ಇಳಿಯುವ ಮಾಪಕವನ್ನು ಒಂದು ಗಂಟೆಗೂ ಹೆಚ್ಚು ಕಾಲ ಒಳಹರಿವುಗಳು ಪಕ್ಕಕ್ಕೆ ತಳ್ಳುತ್ತವೆ. ನೂರಾರು ಮೀಟರ್ ಸರಿಯುವುದು ಅಪರೂಪವಲ್ಲ. ರೇಡಿಯೋ ಅಲೆಗಳನ್ನು ಉಪ್ಪುನೀರು ಹೀರಿಬಿಡುವುದರಿಂದ ತಳದಲ್ಲಿ ಜಿಪಿಎಸ್ ಕೆಲಸಕ್ಕೆ ಬರುವುದಿಲ್ಲ. ಇನ್ನು ಏರ್‌ಗನ್ ಹಡಗಿನ ಹಿಂದೆ ಎಳೆದುಕೊಂಡು ಬರುವಂಥದ್ದು, ಆಂಟೆನಾ ಹಡಗಿನ ಮೇಲಿರುವಂಥದ್ದು. ನಡುವಿನ ಅಂತರವನ್ನು ಲೆಕ್ಕದಲ್ಲಿ ಸೇರಿಸಲೇಬೇಕು.

ತಿದ್ದುವುದಕ್ಕೆ ನಮಗಿರುವ ಸಾಕ್ಷಿ, ಗನ್ನಿನಿಂದ ನೀರಿನ ಮೂಲಕವೇ ಮಾಪಕಕ್ಕೆ ಬರುವ ನೇರ ಅಲೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮಾಪಕವು ನಾವು ಅಂದುಕೊಂಡದ್ದಕ್ಕಿಂತ 300 ಮೀಟರ್ ಆಚೆಗಿದ್ದರೆ, ಅಡ್ಡಲಾಗಿ 6 ಕಿ.ಮೀ. ದೂರದ ಶಾಟ್‌ನ (ಗನ್ನಿನ ಒಂದು ಸಿಡಿತದ) ಅಲೆ ಸುಮಾರು 0.17 ಸೆಕೆಂಡು ತಡವಾಗಿ ಬರುತ್ತದೆ; ನೆತ್ತಿಯ ಮೇಲಿನ ಶಾಟ್‌ನಲ್ಲಾದರೋ ವ್ಯತ್ಯಾಸ 0.01 ಸೆಕೆಂಡೂ ಇರುವುದಿಲ್ಲ. ಆದ್ದರಿಂದ ವ್ಯತ್ಯಾಸದ ಪ್ರಮಾಣಕ್ಕಿಂತ ಅದರ ಆಕಾರವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಒಂದು ಬದಿಯ ಶಾಟ್‌ಗಳು ಬೇಗ, ಇನ್ನೊಂದು ಬದಿಯವು ತಡವಾಗಿ ಬಂದರೆ ತಪ್ಪು ಸ್ಥಾನದ್ದು. ಎಲ್ಲವೂ ಒಂದೇ ಸಮ ಸರಿದಿದ್ದರೆ ಮಾಪಕದ ಗಡಿಯಾರದ್ದು. ಎರಡೂ ಬದಿಯಲ್ಲಿ ದೂರ ಹೆಚ್ಚಿದಂತೆ ಹೆಚ್ಚಿದರೆ ನಾವು ಹಿಡಿದ ಶಬ್ದದ ವೇಗದ್ದು.

ಪ್ರಶ್ನೆ: ತಪ್ಪು ಮಾಪಕದ ಸ್ಥಾನದ್ದೋ ಗನ್ನಿನ ಸ್ಥಾನದ್ದೋ ಎಂದು ಹೇಗೆ ಬೇರ್ಪಡಿಸುವುದು, ಸರ್? ಶಾಟ್‌ಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಸಾಕೇ?

ಉತ್ತರ: ಮಾಪಕದ ತಪ್ಪು ಆ ಮಾಪಕ ದಾಖಲಿಸಿದ ಎಲ್ಲ ಶಾಟ್‌ಗಳಲ್ಲೂ ಕಾಣಿಸಿಕೊಳ್ಳುತ್ತದೆ, ಗನ್ನಿನ ತಪ್ಪು ಆ ಒಂದು ಶಾಟನ್ನು ಕೇಳಿದ ಎಲ್ಲ ಮಾಪಕಗಳಲ್ಲೂ ಕಾಣಿಸಿಕೊಳ್ಳುತ್ತದೆ. ಮಾಪಕಗಳು ಹಲವಿದ್ದರೆ ಎರಡನ್ನೂ ಒಟ್ಟಿಗೆ ಲೀಸ್ಟ್ ಸ್ಕ್ವೇರ್ಸ್ ವಿಧಾನದಲ್ಲಿ (ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಉತ್ತರ ಹುಡುಕುವ ಲೆಕ್ಕದಲ್ಲಿ) ಬಿಡಿಸಬಹುದು. ಆದರೆ ಒಂದೇ ಸಾಲು ಸಾಲದು. ಸಾಲಿನ ಎಡಕ್ಕೆ 200 ಮೀಟರ್ ದೂರವಿರುವ ಮಾಪಕಕ್ಕೂ ಬಲಕ್ಕೆ ಅಷ್ಟೇ ದೂರವಿರುವ ಮಾಪಕಕ್ಕೂ ಕಾಲಗಳು ಒಂದೇ ಬರುವುದರಿಂದ, ಅದು ಯಾವ ಬದಿಯಲ್ಲಿದೆ ಎಂದು ಲೆಕ್ಕ ಹೇಳಲಾರದು. ಅಡ್ಡಲಾಗಿ ಇನ್ನೊಂದು ಸಾಲನ್ನೋ, ಮಾಪಕದ ಸುತ್ತ ಒಂದು ವೃತ್ತವನ್ನೋ ಹಾಕಿಸಬೇಕು. ಹಡಗಿನ ಸಮಯ ದುಬಾರಿಯೆಂದು ಮೊದಲು ಕೈಬಿಡುವುದು ಇದನ್ನೇ. ದಡಕ್ಕೆ ಮರಳಿದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ತುಂಬಿಕೊಡುವುದಿಲ್ಲ.