ಅಂಡಮಾನಿನಲ್ಲಿ ಜನಸಂದಣಿಯಿಲ್ಲದ ಕಡಲತೀರ: ಮಂಡಿನೋವಿರುವ ತಾಯಿಯೊಂದಿಗೆ ಆರು ರಾತ್ರಿ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜನವರಿಯ ಮೂರನೆಯ ವಾರದಲ್ಲಿ ಪತ್ನಿ ಹಾಗೂ 67 ವರ್ಷದ ತಾಯಿಯವರೊಂದಿಗೆ ಆರು ರಾತ್ರಿಗಳ ಮಟ್ಟಿಗೆ ಅಂಡಮಾನಿಗೆ ಹೊರಟಿದ್ದೇನೆ. 2024ರವರೆಗೆ ಪೋರ್ಟ್ ಬ್ಲೇರ್ ಎನ್ನುತ್ತಿದ್ದ ಶ್ರೀ ವಿಜಯಪುರಂವರೆಗಿನ ವಿಮಾನದ ಟಿಕೆಟ್ ಬಿಟ್ಟರೆ ಬೇರೇನನ್ನೂ ಇನ್ನೂ ಕಾದಿರಿಸಿಲ್ಲ. ಏಜೆಂಟರೊಬ್ಬರು ಕಳುಹಿಸಿದ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಓಡಾಟವೇ ತುಂಬಿದ್ದು, ಸುಮ್ಮನೆ ಕುಳಿತು ಸಮುದ್ರ ನೋಡಲು ಎಷ್ಟು ಹೊತ್ತು ಸಿಗುತ್ತದೆಂದು ಲೆಕ್ಕ ಹಾಕಿದರೆ ಆರು ದಿನಕ್ಕೆ ಸೇರಿ ಮೂರು ಗಂಟೆಯೂ ದಾಟಲಿಲ್ಲ.

ನಮ್ಮದು ಮಲೆನಾಡು. ತಾಯಿಯವರು ಸಮುದ್ರವನ್ನು ನೋಡಿರುವುದು ಒಮ್ಮೆ ಮಾತ್ರ, ಅದೂ ಮುರುಡೇಶ್ವರದಲ್ಲಿ, ರಜೆಯ ದಿನ. ಮನೆಗೆ ಬಂದ ಮೇಲೆ "ಸಮುದ್ರಕ್ಕಿಂತ ಜನರ ಬೆನ್ನು ನೋಡಿದ್ದೇ ಹೆಚ್ಚಾಯಿತು" ಎಂದಿದ್ದರು. ಈ ಸಲ ಹಾಗಾಗಬಾರದೆಂಬುದು ನನ್ನ ಆಸೆ. ಅವರಿಗೆ ಮಂಡಿನೋವಿದೆ, ಸಮತಟ್ಟಾದ ಮರಳಿನಲ್ಲಿ ನಿಧಾನವಾಗಿ ನಡೆಯಬಲ್ಲರು, ಬಂಡೆ ಹತ್ತಿ ಇಳಿಯಲಾರರು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ನಿಜವಾಗಿ ನಿಶ್ಶಬ್ದವಾದ ತೀರಗಳು ಉಳಿದಿವೆಯೇ, ಅಥವಾ ಇನ್ನೂ ದೂರದ ದ್ವೀಪಗಳಿಗೇ ಹೋಗಬೇಕೇ? ಜನರಿಲ್ಲದ ಕಡೆ ನೀರಿಗಿಳಿಯುವುದು ಎಷ್ಟರಮಟ್ಟಿಗೆ ಸುರಕ್ಷಿತ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಹಳೆಯ ಅಲೆಮಾರಿ

ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಎರಡು ಸಲ ನಾನೂ ನಿಮ್ಮಂತೆಯೇ ಏಕಾಂತದ ತೀರದ ಹೆಸರನ್ನು ಹುಡುಕುತ್ತಾ ಅಲೆದೆ. ಯಾವ ತೀರ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಅಲ್ಲಿ ಹೆಚ್ಚು ಮುಖ್ಯವೆಂದು ಮೂರನೆಯ ಸಲ ಅರ್ಥವಾಯಿತು.

ರಾಧಾನಗರವನ್ನೇ ತೆಗೆದುಕೊಳ್ಳಿ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಕರೆದ ಮೇಲೆ ಹ್ಯಾವ್‌ಲಾಕಿಗೆ, ಅಂದರೆ 2018ರಿಂದ ಸ್ವರಾಜ್ ದ್ವೀಪ್ ಎನಿಸಿಕೊಂಡಿರುವ ದ್ವೀಪಕ್ಕೆ, ಬರುವವರೆಲ್ಲರ ಪಟ್ಟಿಯಲ್ಲೂ ಅದು ಇದ್ದೇ ಇರುತ್ತದೆ. ಆದರೆ ಅದು ಪಶ್ಚಿಮಕ್ಕೆ ಮುಖ ಮಾಡಿದ ತೀರವಾದ್ದರಿಂದ ಎಲ್ಲ ಏಜೆಂಟರೂ ತಮ್ಮ ಗಾಡಿಗಳನ್ನು ಸೂರ್ಯಾಸ್ತಕ್ಕೆ ಸರಿಹೊಂದುವಂತೆ ಮಧ್ಯಾಹ್ನದ ಮೇಲೆಯೇ ಕಳುಹಿಸುತ್ತಾರೆ. ನಾಲ್ಕು ಗಂಟೆಗೆ ಅಲ್ಲಿ ಜಾತ್ರೆ. ಅದೇ ತೀರದಲ್ಲಿ ಬೆಳಿಗ್ಗೆ ಆರೂವರೆಗೆ ನಾನು ಕುಳಿತಿದ್ದಾಗ ಸುಮಾರು ಎರಡು ಕಿಲೋಮೀಟರ್ ಉದ್ದದ ಮರಳಿನ ಮೇಲೆ ನಾನು, ಎರಡು ನಾಯಿಗಳು ಮತ್ತು ದೂರದಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿ ಮರಳಿನ ಅಂಚಿಗೇ ಕಾಡು ಬಂದು ನಿಂತಿರುವುದರಿಂದ ಬೆಳಗಿನ ಹೊತ್ತೆಲ್ಲ ಎತ್ತರದ ಮರಗಳ ನೆರಳು ತೀರದ ಮೇಲೆ ಚಾಚಿಕೊಂಡಿರುತ್ತದೆ. ತಾಯಿಯವರು ಒಂಬತ್ತರವರೆಗೆ ಆರಾಮವಾಗಿ ಕುಳಿತಿರಬಹುದು.

ಇನ್ನೊಂದು ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಿ. ಈ ದ್ವೀಪಗಳು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ರೇಖಾಂಶದಷ್ಟು ಪೂರ್ವಕ್ಕಿವೆ, ಗಡಿಯಾರ ಮಾತ್ರ ನಮ್ಮದೇ. ಹೀಗಾಗಿ ಅಲ್ಲಿನ ಸೂರ್ಯ ನಮಗಿಂತ ಒಂದು ಗಂಟೆಯಷ್ಟು ಮುಂದಿರುತ್ತಾನೆ. ಜನವರಿಯಲ್ಲಿ ಸಂಜೆ ಐದೂಕಾಲು, ಐದೂವರೆಯ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ನಮ್ಮವರು ಊರಿನ ಅಭ್ಯಾಸದಂತೆ ಎಂಟಕ್ಕೆ ಎದ್ದು, ಹತ್ತಕ್ಕೆ ತಿಂಡಿ ಮುಗಿಸಿ ಹೊರಡುವಾಗ ದಿನದ ಒಳ್ಳೆಯ ಪಾಲು ಕಳೆದುಹೋಗಿರುತ್ತದೆ. ನಿಮ್ಮ ತಾಯಿಯವರು ನಸುಕಿನಲ್ಲಿ ಏಳುವವರಾಗಿದ್ದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಆದ್ದರಿಂದ ಶ್ರೀ ವಿಜಯಪುರಂನಿಂದ ದಿನಕ್ಕೊಂದು ದ್ವೀಪವೆಂದು ಓಡುವ ಬದಲು ಹ್ಯಾವ್‌ಲಾಕಿನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಮೂರು ರಾತ್ರಿ ಉಳಿಯಿರಿ. ನೀಲ್ (ಈಗ ಶಹೀದ್ ದ್ವೀಪ್) ಚಿಕ್ಕದು; ಯಾವ ತುದಿಯಿಂದ ಯಾವ ತುದಿಗೂ ಆಟೋದಲ್ಲಿ ಕಾಲು ಗಂಟೆಯ ದಾರಿ. ಅಲ್ಲಿನ ತೀರಗಳಿಗೆ ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಎಂದು ರಾಮಾಯಣದ ಹೆಸರುಗಳೇ ಇರುವುದರಿಂದ ತಾಯಿಯವರಿಗೆ ನೆನಪಿಟ್ಟುಕೊಳ್ಳುವುದೂ ಸುಲಭ. ಭರತಪುರ ಜೆಟ್ಟಿಯ ಪಕ್ಕದಲ್ಲೇ ಇದ್ದು ಗಾಜಿನ ತಳದ ದೋಣಿ, ಸ್ಕೂಟರ್ ದೋಣಿಗಳ ಗದ್ದಲದ ಜಾಗ, ಅದನ್ನು ಬಿಟ್ಟುಬಿಡಿ. ಬಂಡೆಯ ಸ್ವಾಭಾವಿಕ ಸೇತುವೆ ಇರುವ ಲಕ್ಷ್ಮಣಪುರ ಎರಡನೆಯ ತೀರಕ್ಕೂ ಅವರನ್ನು ಕರೆದೊಯ್ಯಬೇಡಿ. ಹವಳದ ಮೊನಚು ಕಲ್ಲುಗಳ ಮೇಲೆ ನಡೆದೇ ಅಲ್ಲಿಗೆ ತಲುಪಬೇಕು. ಲಕ್ಷ್ಮಣಪುರ ಒಂದನೆಯ ತೀರದಲ್ಲಿ ಮಾತ್ರ, ಜನ ಗಾಡಿ ನಿಲ್ಲಿಸುವ ಜಾಗದಿಂದ ಹತ್ತು ನಿಮಿಷ ಮುಂದೆ ನಡೆದರೆ ಸಂಜೆಯ ಹೊತ್ತಿನಲ್ಲೂ ನಿಮ್ಮ ಪಾಡಿಗೆ ನೀವಿರಬಹುದು. ಪ್ರವಾಸಿಗರಲ್ಲಿ ಬಹುಪಾಲು ಮಂದಿ ಗಾಡಿಯಿಂದ ಇನ್ನೂರು ಹೆಜ್ಜೆಗಿಂತ ದೂರ ಹೋಗುವುದಿಲ್ಲ ಎನ್ನುವುದು ನನ್ನ ಅನುಭವ.

ಕಡಲಕೇದಗೆ

ಮೇಲಿನವರು ಹೇಳಿದ ಹೊತ್ತಿನ ಮಾತು ಸರಿಯೇ, ಆದರೆ ಅದು ಅರ್ಧ. ನಾನು ಕುಂದಾಪುರದ ಕಡೆಯವಳು. ಅಲ್ಲಿನ ಉಳಿದರ್ಧವನ್ನು ಗಡಿಯಾರವಲ್ಲ, ಚಂದ್ರ ನಿರ್ಧರಿಸುತ್ತಾನೆ.

ಹ್ಯಾವ್‌ಲಾಕಿನ ವಸತಿಗೃಹಗಳಲ್ಲಿ ಹೆಚ್ಚಿನವು ಗೋವಿಂದನಗರ ಮತ್ತು ವಿಜಯನಗರದ ಪೂರ್ವ ಕರಾವಳಿಯಲ್ಲಿವೆ. ಅಲ್ಲಿ ಕೋಣೆಯ ಮುಂದೆಯೇ ಕಡಲು ಇರುತ್ತದೆ ಎಂಬ ಫೋಟೋ ನೋಡಿ ಹಣ ಕಟ್ಟಿದ ನಾವು ಮಧ್ಯಾಹ್ನ ತಲುಪಿದಾಗ ಕಡಲೇ ಇರಲಿಲ್ಲ. ಆ ತೀರದ ತಳ ಹವಳದ ಹಾಸು. ಅದು ಬಹಳ ದೂರದವರೆಗೆ ಆಳವಿಲ್ಲದೆ ಚಪ್ಪಟೆಯಾಗಿರುವುದರಿಂದ ಇಳಿತದ ಹೊತ್ತಿನಲ್ಲಿ ನೀರು ನೂರಾರು ಅಡಿ ಹಿಂದೆ ಸರಿದು, ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಿಗೆ ಒರಗಿ ಬಿದ್ದಿರುತ್ತವೆ. ಈಜಲು ಹೊರಟವರಿಗೆ ಸಿಗುವುದು ಕಾಲು ಕೊಯ್ಯುವ ಕಲ್ಲು ಮಾತ್ರ. ರಾಧಾನಗರದಲ್ಲಿ ತಳ ಮರಳಿನದೇ ಆಗಿದ್ದು ಕ್ರಮೇಣ ಇಳಿಜಾರಾಗುವುದರಿಂದ ಅಲ್ಲಿ ಈ ತೊಂದರೆ ಇಲ್ಲ.

ಆದರೆ ಕುಳಿತು ನೋಡುವವರಿಗೆ ಇಳಿತದ ಹೊತ್ತಿನಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ನೀರಿಲ್ಲವೆಂದು ಜನ ಬೇಸರಿಸಿಕೊಂಡು ಹೋಗಿಬಿಡುತ್ತಾರೆ, ತೀರ ಇಡಿಯಾಗಿ ನಿಮ್ಮದಾಗುತ್ತದೆ. ಹಸಿ ಮರಳಿನ ಮೇಲೆ ಬಟಾಣಿ ಗಾತ್ರದ ಏಡಿಗಳು ತಮ್ಮ ಬಿಲದಿಂದ ಹೊರಬಂದು, ಮರಳನ್ನು ಬಾಯಿಗಿಟ್ಟು ಅದರಲ್ಲಿರುವ ಆಹಾರವನ್ನಷ್ಟೇ ತೆಗೆದುಕೊಂಡು, ಉಳಿದದ್ದನ್ನು ಸಾಬಕ್ಕಿಯಂಥ ಉಂಡೆಗಳನ್ನಾಗಿ ಮಾಡಿ ಬಿಲದ ಸುತ್ತ ಸಾಲುಸಾಲಾಗಿ ಇಡುತ್ತಾ ಹೋಗುತ್ತವೆ. ಗಂಟೆಯೊಂದರಲ್ಲಿ ತೀರದ ತುಂಬ ಚುಕ್ಕಿ ರಂಗೋಲಿ ಹಾಕಿದಂತಿರುತ್ತದೆ. ಆ ರಂಗೋಲಿ ಎಲ್ಲಿಯೂ ಅಳಿಸದೆ ಇದೆಯೆಂದರೆ ನೀರು ಇಳಿದ ಮೇಲೆ ಅತ್ತ ಯಾರೂ ಕಾಲಿಟ್ಟಿಲ್ಲವೆಂದೇ ಅರ್ಥ. ಏಕಾಂತದ ತೀರ ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ಗುರುತು ಇದೇ.

ಭರತ ಇಳಿತಗಳ ವೇಳಾಪಟ್ಟಿ ಅಂತರ್ಜಾಲದಲ್ಲಿ ಪೋರ್ಟ್ ಬ್ಲೇರ್ ಹೆಸರಿನಲ್ಲೇ ಸುಲಭವಾಗಿ ಸಿಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಮನೆಯಲ್ಲಿ ಪಂಚಾಂಗವಿದ್ದರೆ ತಾಯಿಯವರೇ ಹೇಳಿಯಾರು.

ಒಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಜನರಿಲ್ಲದ ತೀರದಲ್ಲಿ ಮರಳುನೊಣಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕವು, ಕಚ್ಚಿದ ತುರಿಕೆ ಮಾತ್ರ ವಾರವಾದರೂ ಹೋಗುವುದಿಲ್ಲ. ಬರಿಯ ಮರಳಿನ ಮೇಲೆ ಕೂರದೆ ದಪ್ಪ ಚಾಪೆ ಹಾಸಿಕೊಳ್ಳಿ, ಕಾಲಿಗೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿಕೊಳ್ಳಿ.

ದಾರಿಹೋಕ

ನಿಜವಾದ ನಿಶ್ಶಬ್ದ ಬೇಕೆಂದರೆ ಹ್ಯಾವ್‌ಲಾಕ್, ನೀಲ್ ಎರಡನ್ನೂ ಬಿಟ್ಟು ಲಾಂಗ್ ಐಲ್ಯಾಂಡಿಗೆ ಹೋಗಬೇಕು ಎನ್ನುವವನು ನಾನು. ಅಲ್ಲಿನ ಲಾಲಾಜಿ ಬೇ ತೀರದಲ್ಲಿ ನಾನು ಇಡೀ ಹಗಲು ಕಳೆದರೂ ಮೂರು ಮಂದಿಗಿಂತ ಹೆಚ್ಚು ಜನರನ್ನು ನೋಡಲಿಲ್ಲ. ಆದರೆ ಅಲ್ಲಿಗೆ ಹೋಗುವುದು ಕಾಡಿನೊಳಗೆ ಎರಡು ಗಂಟೆ ನಡೆದು, ಇಲ್ಲವೇ ಡುಂಗಿ ಎಂದು ಕರೆಯುವ ಚಿಕ್ಕ ದೋಣಿಯಲ್ಲಿ. ದೋಣಿಯಿಂದ ಇಳಿಯುವುದು ಮೊಣಕಾಲುದ್ದ ನೀರಿಗೆ. ದ್ವೀಪವನ್ನು ತಲುಪುವುದಕ್ಕೇ ಸರ್ಕಾರಿ ಹಡಗಿನ ವೇಳೆ ನೋಡಿಕೊಂಡು ಹೋಗಬೇಕು, ಅಥವಾ ಜಾರವಾ ಆದಿವಾಸಿಗಳ ಮೀಸಲು ಪ್ರದೇಶದ ಮೂಲಕ ಬೆಂಗಾವಲಿನಲ್ಲಿ ಸಾಗುವ ವಾಹನಗಳ ಜೊತೆ ರಂಗತ್‌ವರೆಗೆ ರಸ್ತೆಯಲ್ಲಿ ಹೋಗಿ ಅಲ್ಲಿಂದ ದೋಣಿ ಹಿಡಿಯಬೇಕು. ಆ ರಸ್ತೆಯಲ್ಲಿ ವಾಹನ ನಿಲ್ಲಿಸುವುದೂ ಫೋಟೋ ತೆಗೆಯುವುದೂ ಅಪರಾಧ. ಜಾರವಾ ಜನರ ನೆಲವನ್ನು ನಮ್ಮ ವಿಹಾರಕ್ಕೆ ದಾರಿಯಾಗಿ ಬಳಸುವುದು ನನಗೆ ಸರಿಕಾಣದು, ನಾನು ಹಡಗಿಗೇ ಕಾದು ಹೋದೆ. ಆರು ರಾತ್ರಿ, ಮಂಡಿನೋವು ಎರಡನ್ನೂ ಎಣಿಸಿದರೆ ನಿಮಗೆ ಇದು ಈ ಸಲಕ್ಕಲ್ಲ.

ತುಂಗಾತೀರ

ಮೂವರಿಗೂ ತುಂಬು ಧನ್ಯವಾದಗಳು. ಏಜೆಂಟರ ಪಟ್ಟಿಯನ್ನು ಕೈಬಿಟ್ಟು, ಹ್ಯಾವ್‌ಲಾಕಿನಲ್ಲಿ ಎರಡು ಮತ್ತು ನೀಲ್‌ನಲ್ಲಿ ಮೂರು ರಾತ್ರಿಗಳೆಂದು ನಿಶ್ಚಯಿಸಿದೆವು. ಪಂಚಾಂಗದ ಮಾತು ಹೇಳಿದ ಕೂಡಲೇ ತಾಯಿಯವರು ಕನ್ನಡಕ ಹಾಕಿಕೊಂಡು ತಿಥಿ ನೋಡಲು ಕುಳಿತಿದ್ದಾರೆ. ಉಳಿದಿರುವುದು ಎರಡು ಸಂದೇಹಗಳು: ರಾಧಾನಗರದ ಬಲಭಾಗದಲ್ಲಿ ನೀಲ್ಸ್ ಕೋವ್ ಎಂಬ ಶಾಂತವಾದ ಕೊಲ್ಲಿಯಿದೆಯೆಂದು ಓದಿದೆ, ಅಲ್ಲಿ ಇಳಿಯಬಹುದೇ? ಮತ್ತು ಆರನೆಯ ರಾತ್ರಿಯನ್ನೂ ನೀಲ್‌ನಲ್ಲೇ ಕಳೆದು ಬೆಳಿಗ್ಗೆ ನೇರವಾಗಿ ವಿಮಾನಕ್ಕೆ ಬರಬಹುದೇ?

ಹಳೆಯ ಅಲೆಮಾರಿ

ಎರಡಕ್ಕೂ ಬೇಡ ಎಂದೇ ಹೇಳುತ್ತೇನೆ.

ನೀಲ್ಸ್ ಕೋವ್ ನೋಡಲು ಬಹಳ ಚೆಂದ, ಅಲೆಯೇ ಇಲ್ಲದ ತಿಳಿನೀರು. ಆದರೆ 2010ರಲ್ಲಿ ಅಲ್ಲಿ ನೀರಿಗಿಳಿದಿದ್ದ ವಿದೇಶಿ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಈ ಮೊಸಳೆಗಳು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳಲ್ಲಿದ್ದುಕೊಂಡು ಸಮುದ್ರದಲ್ಲೂ ದೂರದವರೆಗೆ ಈಜಬಲ್ಲವು. ಜನರಿಲ್ಲದ ಜಾಗ, ನಿಂತ ನೀರು, ಹತ್ತಿರದಲ್ಲಿ ತೊರೆ, ಈ ಮೂರೂ ಕೂಡಿದ ಕಡೆ ನೋಡಿ ಸಂತೋಷಪಟ್ಟು ಹಿಂದಿರುಗುವುದೇ ಸರಿ. ನೀವು ಕೇಳಿದ್ದ ಸುರಕ್ಷತೆಯ ಪ್ರಶ್ನೆಗೂ ಇದೇ ಉತ್ತರ: ಕೂರಲು ಜನರಿಲ್ಲದ ಜಾಗ, ನೀರಿಗಿಳಿಯಲು ಕಾವಲಿನವರಿರುವ ಜಾಗ. ರಾಧಾನಗರದಲ್ಲಿ ಜೀವರಕ್ಷಕರು ಇರುತ್ತಾರೆ. ಅವರು ತೋರಿಸಿದ ಗಡಿಯೊಳಗೆ, ಅವರು ಕೆಲಸಕ್ಕೆ ಬಂದ ಮೇಲೆಯೇ ಇಳಿಯಿರಿ.

ಕೊನೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಲಿ. ಒಮ್ಮೆ ನಾವು ಕಾದಿರಿಸಿದ್ದ ಖಾಸಗಿ ದೋಣಿಯನ್ನು ಗಾಳಿಯ ಕಾರಣಕ್ಕೆ ಹಿಂದಿನ ಸಂಜೆ ರದ್ದುಮಾಡಿ, ಒಂದೇ ಒಂದು ಸಂದೇಶ ಕಳುಹಿಸಿ ಸುಮ್ಮನಾದರು. ಮರುದಿನ ಸರ್ಕಾರಿ ಹಡಗಿನಲ್ಲಿ ನಿಂತೇ ಬಂದೆವು, ವಿಮಾನ ತಪ್ಪಿತು. ಜನವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವೇ, ಆದರೂ ಮಂಡಿನೋವಿನವರನ್ನು ಕರೆದುಕೊಂಡು ಆ ಓಟ ಬೇಡ.

ಇನ್ನೊಂದು ಮಾತು. ತಾಯಿಯವರು ಚಿಪ್ಪು, ಹವಳದ ತುಂಡುಗಳನ್ನು ಸೆರಗಿಗೆ ಕಟ್ಟಿಕೊಳ್ಳದಂತೆ ಮೊದಲೇ ಹೇಳಿಡಿ. ಹವಳ ಮತ್ತು ಹಲವು ಬಗೆಯ ಶಂಖಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ.

ಕಡಲಕೇದಗೆ

ಮಡಚುವ ಕುರ್ಚಿಯೊಂದನ್ನು ಊರಿನಿಂದಲೇ ಒಯ್ಯಿರಿ. ಚಾಪೆಯ ಮೇಲೆ ಕೂತರೆ ಮಂಡಿನೋವಿನವರಿಗೆ ಏಳುವುದೇ ಕಷ್ಟ. ನಮ್ಮತ್ತೆಗೆ ಹಾಗೇ ಆಗಿ, ಇಬ್ಬರು ಸೇರಿ ಎತ್ತಬೇಕಾಯಿತು. ಕುರ್ಚಿಯ ಕಾಲು ಹಸಿ ಮರಳಿನಲ್ಲಿ ಹೂತುಹೋಗದಂತೆ ಕೆಳಗೆ ಒಂದು ತೆಂಗಿನ ಗರಿ ಹಾಕಿ. ಅಲ್ಲಿ ಎಲ್ಲಿ ನೋಡಿದರೂ ಬಿದ್ದಿರುತ್ತದೆ.