ಸಂಜೆ 7:30ಕ್ಕೆ ಮನೆ ಸೇರೋರು ಪ್ಯಾಕೆಟ್ ಸಾಮಾನಲ್ಲಿ ಏನ್ ಅಡುಗೆ ಮಾಡ್ತೀರ?

ಕುವೆಂಪುನಗರ:
ನಂದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲ್ಸ, ಯಜಮಾನ್ರು ನಂಜನಗೂಡಿಂದ ಬರ್ಬೇಕು, ಇಬ್ರೂ ಮನೆ ಸೇರೋ ಹೊತ್ಗೆ ಏಳೂವರೆ. ದೋಸೆ ಹಿಟ್ಟು ಪ್ಯಾಕೆಟ್, ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್ ಪುಡಿ, ಫ್ರೋಜನ್ ಬಟಾಣಿ ಯಾವಾಗ್ಲೂ ಇರುತ್ತೆ, ಆದ್ರೆ ತಿಂಗಳಿಂದ ಅದೇ ದೋಸೆ ಅದೇ ಚಟ್ನಿಪುಡಿ, ಮಗ ತಟ್ಟೆ ನೋಡಿದ್ರೇ ಮುಖ ಸಿಂಡರಿಸ್ತಾನೆ. ಮೊನ್ನೆ ಊರಿಂದ ಅತ್ತೆ ಬಂದಿದ್ರು, ಬಿಸಿಬೇಳೆಬಾತ್ ಮಾಡ್ದೆ, ಉಪ್ಪಾಗೋಯ್ತು. ಪಾಪ ಏನೂ ಅನ್ಲಿಲ್ಲ, ಮೊಸರನ್ನ ಕಲ್ಸ್ಕೊಂಡ್ರು.

ಸರಸ್ವತಿಪುರಂ:
ಹಿಟ್ಟು ತಂದ ದಿನ ಇಡ್ಲಿ, ಮಾರನೇ ದಿನ ದೋಸೆ, ಮೂರನೇ ದಿನ ಹುಳಿ ಬಂದ್ಮೇಲೆ ಅದಕ್ಕೆ ಒಂದ್ ಹಿಡಿ ಚಿರೋಟಿ ರವೆ, ಈರುಳ್ಳಿ, ಹಸಿಮೆಣ್ಸಿನಕಾಯಿ, ಕರಿಬೇವು, ಎರಡು ಚಮಚ ತೆಂಗಿನ್ ತುರಿ ಹಾಕಿ ಗುಳಿಯಪ್ಪ ಹುಯ್ದ್ಬಿಡಿ, ಚಟ್ನಿನೂ ಬೇಡ. ಪ್ಯಾಕೆಟ್ ಉಬ್ಬಿದ್ರೆ ಹೆದರ್ಕೋಬೇಡಿ, ಹಿಟ್ಟು ಹುದುಗಿ ಗ್ಯಾಸ್ ಬಂದಿರುತ್ತೆ ಅಷ್ಟೆ. ಗುಲಾಬಿ ಬಣ್ಣವೋ ಕಪ್ಪು ಚುಕ್ಕೆನೋ ಕಂಡ್ರೆ ಮಾತ್ರ ಯೋಚ್ನೆ ಮಾಡ್ದೆ ಎಸೀರಿ.

ಮಂಡ್ಯದಿಂದ:
ಅಕ್ಕ, ಗೊಜ್ಜು ಐತಲ್ಲ, ಅನ್ನ ಯಾಕ್ ಮಾಡ್ತೀರ? ಒಣ ಅಕ್ಕಿ ಶಾವಿಗೆ ಪ್ಯಾಕೆಟ್ ತನ್ನಿ, ಕುದಿಯೋ ನೀರಿಗೆ ಹಾಕಿ 2-3 ನಿಮಿಷಕ್ಕೆ ಬಸ್ಕಳಿ, ಮೇಲೆ ತಣ್ಣೀರ್ ಹುಯ್ರಿ, ಇಲ್ದಿದ್ರೆ ಮುದ್ದೆ ಆಯ್ತದೆ. ಕಡ್ಲೆಬೀಜದ ಒಗ್ಗರಣೆ ಮಾತ್ರ ನೀವೇ ಹಾಕ್ಬೇಕು, ಗೊಜ್ಜಲ್ಲಿ ಬರೋ ಬೀಜ ಮೆತ್ತಗಾಗೋಗಿರ್ತದೆ. ಒಂದ್ ಚೂರು ಬೆಲ್ಲನೂ ಹಾಕಿ. ಮಂಡ್ಯದೋನು ಬೆಲ್ಲ ಬಿಟ್ಟು ಇನ್ನೇನ್ ಹೇಳಾನು ಬುಡಿ.

ನಜರ್‌ಬಾದ್:
ಉಪ್ಪಿನ ವಿಷ್ಯ. ಕೆಲವು ಪುಡಿಲೇ ಉಪ್ಪು ಸೇರಿರುತ್ತೆ, ಹಿಂದೆ ಬರ್ದಿರೋದು ಓದಿ, ಪುಡಿ ಹಾಕಿ ಕುದ್ದ್ಮೇಲೆ ರುಚಿ ನೋಡಿ ಉಪ್ಪು ಹಾಕಿ. ಜಾಸ್ತಿ ಆದ್ರೆ ಬೆಂದ ತೊಗರಿಬೇಳೆ ಇನ್ನಷ್ಟು ಸೇರ್ಸಿ. ಬಿಸಿ ಮಾಡಿ ತಿನ್ನೋ ರೆಡಿ ಪೌಚ್‌ಗಳೂ ಇವೆ, ಫ್ರಿಡ್ಜ್ ಇಲ್ದೆ ತಿಂಗಳುಗಟ್ಲೆ ಇರುತ್ತೆ ಅಂದ್ರೆ ಕೆಮಿಕಲ್ಲೇ ಅನ್ಕೋತಾರೆ ಎಲ್ರೂ. ಅದು ಪೌಚ್ ಸೀಲ್ ಮಾಡಿ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯ್ಸೋದು, ದೊಡ್ಡ ಕುಕ್ಕರ್ ಇದ್ದಂಗೆ. ಸೈನಿಕರಿಗೆ ಇಂಥ ಊಟ ರೆಡಿ ಮಾಡಿರೋದು ನಮ್ಮ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಲ್ಯಾಬ್, ಆಗಿನ ಡಿಎಫ್‌ಆರ್‌ಎಲ್ಲೇ. ಆದ್ರೂ ಸೋಡಿಯಂ ನೋಡ್ಕೊಳಿ, 1 ಗ್ರಾಂ ಸೋಡಿಯಂ ಅಂದ್ರೆ ಹತ್ತತ್ರ 2.5 ಗ್ರಾಂ ಉಪ್ಪು. ನಾನು ಒಂದ್ ಪೌಚ್‌ಗೆ ಬೇಯ್ಸಿದ ತರಕಾರಿ ಸೇರ್ಸಿ ಇಬ್ರಿಗೆ ಮಾಡ್ತೀನಿ.

ಕುವೆಂಪುನಗರ:
ಗುಳಿಯಪ್ಪದ ಕಾವ್ಲಿ ಅಟ್ಟದ ಮೇಲಿತ್ತು, ಯಜಮಾನ್ರನ್ನ ಸ್ಟೂಲ್ ಹತ್ಸಿ ಇಳಿಸ್ದೆ. ಎರಡ್ನೇ ಒಬ್ಬೆ ಸೀದೋಯ್ತು, ಆದ್ರೂ ಮಗ 11 ತಿಂದ. ಶಾವಿಗೆ ಶನಿವಾರಕ್ಕೆ.

ಮಂಡ್ಯದಿಂದ:
ಕಾವ್ಲಿ ತಿರ್ಗ ಅಟ್ಟಕ್ ಹಾಕ್ಬ್ಯಾಡಿ ಅಕ್ಕ.