ಕತ್ತಿ ಕಾಳಗದ ಆಟದಾಗ ನಾಯಕಿ ವೇಷ: ಬಟ್ಟಿ ಹೆಚ್ಚು ಮಾಡಿದ್ರ ಸಾಕೇನ್ರಿ?

ಹೊಂಗಲ_ಪಿಕ್ಸೆಲ್, ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ನಾಲ್ಕು ಮಂದಿ ಸೇರಿ ಮೊಬೈಲಿಗೆ ಒಂದು ಥರ್ಡ್ ಪರ್ಸನ್ (ಪಾತ್ರದ ಬೆನ್ನ ಹಿಂದಿಂದ ನೋಡೋ) ಕತ್ತಿ ಕಾಳಗದ ಆಟ ಮಾಡಾಕತ್ತೀವಿ. 3ಡಿ ಮಾಡೆಲಿಗೆ ಬ್ಲೆಂಡರ್, ಆಟ ಕಟ್ಟಾಕ ಯೂನಿಟಿ ಬಳಸ್ತೀವಿ. ಕಥಿ 17ನೇ ಶತಮಾನದ್ದು. ಬೆಳವಡಿ ಮಲ್ಲಮ್ಮನ ಹೆಣ್ಣುಮಕ್ಕಳ ಪಡೆಯೊಳಗಿನ ಒಬ್ಬ ಸೈನಿಕಳು ನಾಯಕಿ. ಆಕಿ ಹೆಸರು, ಬದುಕು ಪೂರಾ ಕಲ್ಪನೆ, ಮಲ್ಲಮ್ಮ ಸ್ವತಃ ತೆರೆ ಮ್ಯಾಲೆ ಬರೂದಿಲ್ಲ.

ಆರ್ಟಿಸ್ಟ್ ಕೊಟ್ಟ ಮೊದಲ ಡಿಸೈನಿನಾಗ ಎದಿಗೆ ಎರಡು ಬಟ್ಟಲಿನಂಥ ಲೋಹದ ಕವಚ ಐತಿ, ಹೊಟ್ಟಿ ಬಯಲು, ಸೀರಿ ತೊಡಿ ತನಕ ಸೀಳೈತಿ, ಕಾಲಿಗೆ ಎತ್ತರದ ಹಿಮ್ಮಡ. ತಂಡದಾಗ ಎರಡು ಮಾತು ನಡದಾವ. "ಇದ್ದರನ ಮಂದಿ ಡೌನ್‌ಲೋಡ್ ಮಾಡತಾರ, ಐಹೊಳಿ-ಬಾದಾಮಿ ಶಿಲ್ಪದಾಗ ಇಲ್ಲೇನು?" ಅಂತ ಒಂದು. "ಇಕಿ ಕತ್ತಿ ಹಿಡಿಯೋ ಹೆಣ್ಣುಮಗಳು ಅನಸೂದೇ ಇಲ್ಲ" ಅಂತ ಇನ್ನೊಂದು. ಬಟ್ಟಿ ಮುಚ್ಚಿದ್ರ ಮುಗೀತೋ, ಇಲ್ಲಾ ಬ್ಯಾರೆ ಏನಾರ ನೋಡಬೇಕೋ? ಟೆಕ್ಸ್ಚರಿಗೆ (ಮಾಡೆಲ್ ಮ್ಯಾಲೆ ಹಚ್ಚೋ ಬಣ್ಣ-ನೇಯ್ಗಿ ಚಿತ್ರ) ಇನ್ನೂ ಕೈ ಹಚ್ಚಿಲ್ಲ.

ರಿಗ್ಗರ್_ವಿಜಯಪುರ

ಟೆಕ್ಸ್ಚರಿಗೆ ಮುಂಚೆ ಕೇಳಿದ್ದು ಒಳ್ಳೆಯದಾಯಿತು, ಆಮೇಲೆ ಬದಲಿಸುವುದು ಎರಡು ಪಟ್ಟು ಕೆಲಸ. ಆದರೆ ಬಟ್ಟೆಯ ಅಳತೆಯಿಂದ ಚರ್ಚೆ ಶುರು ಮಾಡಬೇಡಿ. 2016ರಲ್ಲಿ ಓವರ್‌ವಾಚ್ ಆಟದ ಟ್ರೇಸರ್ ಪಾತ್ರದ ಒಂದು ಗೆಲುವಿನ ಭಂಗಿಯನ್ನು ಅದನ್ನು ಮಾಡಿದ ಬ್ಲಿಝಾರ್ಡ್ ಕಂಪನಿ ತೆಗೆಯಿತು. ಆಕೆಯ ಮೈಮೇಲೆ ಬಟ್ಟೆಗೆ ಕೊರತೆ ಇರಲಿಲ್ಲ. ಬೆನ್ನು ತೋರಿಸಿ ಹೆಗಲ ಮೇಲಿಂದ ನೋಡುವ ಆ ಭಂಗಿ ಆಕೆಯ ಚುರುಕು ಸ್ವಭಾವಕ್ಕೆ ಹೊಂದುವುದಿಲ್ಲ ಎಂಬುದೇ ತಕರಾರಾಗಿತ್ತು. ಅದಕ್ಕೂ ಮುಂಚೆ 2015ರಲ್ಲಿ, ಸ್ಟ್ರೀಟ್ ಫೈಟರ್ 5ರಲ್ಲಿ ಆರ್. ಮಿಕಾಳ ಒಂದು ಹೊಡೆತದ ದೃಶ್ಯವನ್ನು ತಿದ್ದಿದಾಗ ಕ್ಯಾಪ್ಕಾಮ್ ಸರಿಸಿದ್ದು ಕ್ಯಾಮೆರಾವನ್ನು, ಉಡುಪನ್ನಲ್ಲ. ಜಗಳದ ಬಹುಪಾಲು ಹುಟ್ಟುವುದು ಇಲ್ಲೇ: ಕ್ಯಾಮೆರಾ, ಭಂಗಿ, ಅಲುಗಾಟ.

ಕ್ಯಾಮೆರಾದ ಗುರಿಯನ್ನು ಸೊಂಟದ ಮೂಳೆಗೆ ಕಟ್ಟಬೇಡಿ. ಹೊಸಬರು ಬಹಳ ಜನ ಹಾಗೇ ಮಾಡುತ್ತಾರೆ, ಏಕೆಂದರೆ ರಿಗ್‌ನ (ಪಾತ್ರವನ್ನು ಅಲುಗಾಡಿಸುವ ಮೂಳೆಗಳ ಚೌಕಟ್ಟು) ಬೇರು ಅಲ್ಲೇ ಇರುತ್ತದೆ. ಪರಿಣಾಮವಾಗಿ ಆಟದುದ್ದಕ್ಕೂ ತೆರೆಯ ನಡುವೆ ಪಾತ್ರದ ಹಿಂಭಾಗವೇ ಕೂರುತ್ತದೆ. ಕುತ್ತಿಗೆಯ ಕೆಳಗಿನ ಬೆನ್ನುಮೂಳೆಗೆ ಗುರಿ ಕಟ್ಟಿ, ಸುಮಾರು 1.5 ಮೀಟರ್ ಎತ್ತರ, 3ರಿಂದ 3.5 ಮೀಟರ್ ದೂರ ಇಡಿ, ಪಾತ್ರವನ್ನು ತೆರೆಯ ಎಡಕ್ಕೆ ಸ್ವಲ್ಪ ಸರಿಸಿ. ಗೋಡೆಗೆ ಒರಗಿದಾಗ ಕ್ಯಾಮೆರಾ ಮುಂದಕ್ಕೆ ನುಗ್ಗಿ ಮೈಗೆ ಅಂಟಿಕೊಳ್ಳುತ್ತದೆ. ದೂರ 0.8 ಮೀಟರಿಗಿಂತ ಕಡಿಮೆಯಾದರೆ ಪಾತ್ರವನ್ನು ಮಸುಕು ಮಾಡುವ ಶೇಡರ್ ಹಾಕಿ. ಏಣಿ ಹತ್ತುವಾಗ ನೇರ ಕೆಳಗಿನಿಂದ ನೋಡದಂತೆ 30-40 ಡಿಗ್ರಿ ಪಕ್ಕಕ್ಕೆ ತಿರುಗಿಸಿ. ಪಾತ್ರ ಸತ್ತಾಗ ರ್ಯಾಗ್‌ಡಾಲ್‌ಗೆ (ಮೈ ಗೊಂಬೆಯಂತೆ ತಾನಾಗಿ ಕುಸಿಯುವ ಲೆಕ್ಕ) ಬಿಟ್ಟರೆ ಬಟ್ಟೆ ಎಲ್ಲಿಗೋ, ಕಾಲು ಎಲ್ಲಿಗೋ ಬೀಳುತ್ತವೆ, ಅದರ ಮೇಲೆ ಕ್ಯಾಮೆರಾ ನಿಂತುಬಿಡುತ್ತದೆ. ನಾಯಕಿಗೆ ಎರಡು ಮೂರು ಸಿದ್ಧ ಅನಿಮೇಶನ್ ಮಾಡಿಸಿ.

ಭಂಗಿ ಪರೀಕ್ಷಿಸಲು ಸುಲಭ ದಾರಿ ಇದೆ. ಆಕೆಯ ನಿಲುವು, ನಡಿಗೆ, ಗೆಲುವಿನ ಅನಿಮೇಶನ್‌ಗಳನ್ನು ನಿಮ್ಮ ಗಂಡು ಸೈನಿಕನ ರಿಗ್‌ಗೆ ಹಚ್ಚಿ ನೋಡಿ. 2012ರಲ್ಲಿ ಹಾಕ್ಐ ಇನಿಶಿಯೇಟಿವ್ ಅಂತ ಟಂಬ್ಲರಿನಲ್ಲಿ ಕಾಮಿಕ್ಸ್ ಓದುಗರು ನಾಯಕಿಯರ ಭಂಗಿಗಳನ್ನು ಗಂಡು ಪಾತ್ರಕ್ಕೆ ಹಾಕಿ ಚಿತ್ರ ಬಿಡಿಸಿದ್ದು ಇದೇ ಉಪಾಯ. ಅವನ ಮೇಲೆ ವಿಚಿತ್ರ ಕಂಡ ಭಂಗಿ ಅವಳ ಮೇಲೂ ಕಾಳಗದ ಭಂಗಿಯಲ್ಲ. ಎದೆ, ನಿತಂಬ ಎರಡೂ ಒಟ್ಟಿಗೆ ಕ್ಯಾಮೆರಾಕ್ಕೆ ಕಾಣುವಂತೆ ಬೆನ್ನು ತಿರುಚಿದ್ದರೆ ಆ ನಿಲುವಿನಿಂದ ಕತ್ತಿಗೆ ಬಲವೇ ಸಿಗುವುದಿಲ್ಲ.

ಎದೆಗೆ ಸ್ಪ್ರಿಂಗ್ ಮೂಳೆ (ಓಡಾಟಕ್ಕೆ ತಾನಾಗಿ ಅಲುಗುವ ಮೂಳೆ) ಹಾಕಿದ್ದರೆ ತೆಗೆದುಬಿಡಿ. 1996ರ ಡೆಡ್ ಆರ್ ಅಲೈವ್ ಕಾಲದಿಂದ ಆ ಅಲುಗಾಟವೇ ಒಂದು ಗುರುತಾಗಿಬಿಟ್ಟಿದೆ. ಕವಚದ ಕೆಳಗೆ ಅದು ಭೌತಿಕವಾಗಿಯೂ ಸುಳ್ಳು. ಜೊತೆಗೆ ಫ್ರೇಮ್ ಫ್ರೇಮಿಗೂ ಲೆಕ್ಕ ಹಾಕಿದರೆ ಸೆಕೆಂಡಿಗೆ 60 ಫ್ರೇಮಿನ ಫೋನಿನಲ್ಲಿ ಸರಿ ಕಂಡದ್ದು 30 ಫ್ರೇಮಿನ ಅಗ್ಗದ ಫೋನಿನಲ್ಲಿ ನಡುಗುತ್ತದೆ. ಅದೇ ಲೆಕ್ಕವನ್ನು ಜಡೆಗೆ ನಾಲ್ಕು, ಸೆರಗಿನ ತುದಿಗೆ ಮೂರು ಮೂಳೆ ಕೊಟ್ಟು ಖರ್ಚು ಮಾಡಿ, ಸ್ಥಿರ ಸಮಯದ ಹೆಜ್ಜೆಯಲ್ಲಿ ಓಡಿಸಿ.

ಕಾಂಬೋ_ಗೋಕಾಕ

ಮ್ಯಾಲಿನವ್ರು ಹೇಳಿದ ಕ್ಯಾಮೆರಾ ಮಾತು ಒಪ್ಪತೀನಿ. ಆದ್ರ ಆಕರ್ಷಕ ಡಿಸೈನ್ ಅಂದ್ರನ ತಪ್ಪು ಅನ್ನೂದು ಬ್ಯಾಡ. 2009ರ ಬೆಯೊನೆಟ್ಟಾ ನೋಡ್ರಿ. ಆ ಪಾತ್ರ ರೂಪಿಸಿದಾಕಿ ಮಾರಿ ಶಿಮಾಜಾಕಿ ಅನ್ನೋ ಕಲಾವಿದೆ. ಅಲ್ಲಿ ಮೋಹಕತೆ ಆಕಿ ಸ್ವಭಾವದಾಗ ಐತಿ. ಹೊಡೆತ, ಮಾತು, ಸಂಗೀತ ಎಲ್ಲಾ ಅದ ಧಾಟಿಗೆ ನಡೀತಾವ, ಆಟಾನೂ ಆಕಿ ಕೈಯಾಗೇ ಇರತೈತಿ. 2015ರ ಮೆಟಲ್ ಗಿಯರ್ ಸಾಲಿಡ್ 5ರ ಕ್ವಯಟ್ ಹಂಗಲ್ಲ. ಆಕಿ ಚರ್ಮದಿಂದ ಉಸಿರಾಡತಾಳ ಅಂತ ಕಥಿಯೊಳಗ ಕಾರಣ ಹೊಲದಾರ. ಸುತ್ತಲಿನ ಗಂಡಸ್ರು ಪೂರಾ ಯುದ್ಧದ ಉಡುಪಿನಾಗ, ಆಕಿ ಬಿಕಿನಿಯಾಗ. ಆ ಒಂದು ಕಾರಣಕ್ಕ ಪಾತ್ರದ ಉಳಿದ ಒಳ್ಳೇದೆಲ್ಲಾ ಚರ್ಚೆಯಿಂದ ಮರೆ ಆತು.

ಮಾರುಕಟ್ಟೆ ಮಾತು ಎರಡೂ ಕಡೆ ಹೋಗತೈತಿ. 2024ರ ಸ್ಟೆಲ್ಲರ್ ಬ್ಲೇಡ್ ನಾಯಕಿ ಮೈಕಟ್ಟಿನ ಸುದ್ದಿಯಿಂದನೂ ಓಡಿತು, ಕಾಳಗ ಬಿಗಿ ಇದ್ದದ್ದಕ್ಕೂ ಓಡಿತು. ಬಿಡುಗಡೆ ದಿನದ ಪ್ಯಾಚಿನಾಗ ಕೆಲವು ಉಡುಪು ತಿದ್ದಿದ್ರು, ಅಭಿಮಾನಿಗಳು ಸಿಟ್ಟಿಗೆದ್ರು. ಮಾರ್ಟಲ್ ಕಾಂಬ್ಯಾಟ್ ಆಟದಾಗ 2011ರಾಗ ವೇಷ ಬಿಚ್ಚಾಗಿತ್ತು, 2019ರ 11ನೇ ಭಾಗದಾಗ ಹೆಣ್ಣು ಪಾತ್ರಗಳಿಗೆ ಬಟ್ಟಿ ಹೆಚ್ಚಾತು. ಅದಕ್ಕೂ ಬೈದ್ರು, ಆಟ ಮಾತ್ರ ಮಾರಾಟ ಆತು. 2020ರಾಗ ಪುಣೆಯ ನಾಡಿಂಗ್ ಹೆಡ್ಸ್‌ನವ್ರು ಮಾಡಿದ ರಾಜಿ ಆಟದ ನಾಯಕಿ ಮಾಮೂಲಿ ವೇಷದಾಕಿ, ನಮ್ಮ ದೇಶದ ಆಟ ಅಂತ ಹೊರಗ ಹೆಸರು ಮಾಡಿತು. ಹಂಗಾಗಿ "ಮೈ ತೋರಿಸಿದ್ರನ ಮಾರಾಟ" ಅನ್ನೂದಕ್ಕ ಬುನಾದಿ ಇಲ್ಲ. ನಿಮ್ಮ ಕಥಿ ಗಂಭೀರ ಐತಿ, ಅದಕ್ಕ ಬೆಯೊನೆಟ್ಟಾ ಧಾಟಿ ಕೂಡೂದಿಲ್ಲ. ಆದ್ರ ಆಕಿಗೆ ಚೆಲುವು ಬ್ಯಾಡ ಅಂತ ಮುಖ ಒಣಗಿಸಬ್ಯಾಡ್ರಿ.

ಖಣ_ಕುಬಸ, ಇಳಕಲ್ಲ

ಐಹೊಳಿ, ಬಾದಾಮಿ ಹೆಸರು ತಂದಮ್ಯಾಲ ಅಲ್ಲಿ ಏನೈತಿ ಅಂತ ಸರಿಯಾಗಿ ನೋಡ್ರಿ ಅಣ್ಣಾರ. ಬಾದಾಮಿಯ 3ನೇ ಗುಹಾದಾಗ 578ರ ಶಾಸನ ಐತಿ. ಅಲ್ಲಿ ಕಂಬದ ಮದನಕೈ (ಚಾಚಿದ ಆಸರಿ ಕಲ್ಲು) ಮ್ಯಾಲಿನ ಜೋಡಿಗಳೊಳಗ ಗಂಡಿನ ಮೈನೂ ಬಯಲು, ಹೆಣ್ಣಿನ ಮೈನೂ ಬಯಲು, ಇಬ್ಬರಿಗೂ ಒಡವಿ ಅದಾವ. ಐಹೊಳಿ ದುರ್ಗಾ ಗುಡಿ ಮಹಿಷಮರ್ದಿನಿಯ ತೋಳು, ಆಯುಧ ಎಲ್ಲಾ ಕೋಣನ್ನ ಕೊಲ್ಲೂ ಕೆಲಸದಾಗ ತೊಡಗ್ಯಾವ. ಗಂಡಸ್ರಿಗೆ ಜಿರಾ (ಉಕ್ಕಿನ ಬಳಿ ಹೆಣೆದ ಅಂಗಿ), ಹೆಣ್ಣಿಗೆ ಎರಡು ಬಟ್ಟಲು ಅಂತ ಆ ಶಿಲ್ಪಿಗಳು ಎಲ್ಲೂ ಭೇದ ಮಾಡಿಲ್ಲ. ನಿಮ್ಮ ಡಿಸೈನಿಗೆ ಅವರ ಸಾಕ್ಷಿ ಸಿಗೂದಿಲ್ಲ.

ಈಗ ವೇಷ. ಬಟ್ಟಲು ಕವಚದ ದೋಷ ಏನಂದ್ರ ಎರಡು ಉಬ್ಬಿನ ನಡುವಿನ ಕಣಿವಿಗೆ ಕತ್ತಿ ಏಟು ಜಾರಿ ಎದಿಮೂಳಿಗೇ ಬೀಳತೈತಿ. ಆ ಕಾಲಕ್ಕ ದಖ್ಖನ್ನಿನಾಗ ಚಾರ್‌ಆಯಿನಾ ಅಂತ ಇತ್ತು: ಎದಿಗೊಂದು, ಬೆನ್ನಿಗೊಂದು, ಎರಡು ಬಗಲಿಗೆ ಒಂದೊಂದು, ಹಿಂಗ ನಾಲ್ಕು ಫಲಕ, ಪಟ್ಟಿಯಿಂದ ಬಿಗೀತಾರ. ಒಳಗ ಹತ್ತಿ ತುಂಬಿದ ಅಂಗಿ. ಫಲಕ ಚಪ್ಪಟೆ ಇರೂದರಿಂದ ಮಾಡೆಲ್ ಮಾಡೂದೂ ಸಸಾರ, 400-500 ತ್ರಿಕೋನದಾಗ ಮುಗೀತೈತಿ, ಪೂರಾ ರಿಗ್ಗಿನ ಎದಿ ಮೂಳಿಗೇ ಕಟ್ಟಬಹುದು.

ಸೀರಿ ಸೀಳಬ್ಯಾಡ್ರಿ, ಕಚ್ಚಿ ಹಾಕ್ರಿ. ಹದಿನೆಂಟು ಮೊಳದ ಸೀರಿ ಅಂದ್ರ 8 ಮೀಟರ್ ಮ್ಯಾಲೆ ಬಟ್ಟಿ. ಕಾಲ ನಡುವ ಹಿಂದಕ್ಕ ಎಳದು ನಡಕ್ಕ ಸಿಗಿಸಿದ್ರ ಕುದರಿ ಹತ್ತಾಕ, ಕಾಲು ಅಗಲಿಸಿ ನಿಲ್ಲಾಕ ತೊಂದ್ರಿ ಇಲ್ಲ. ಮೀನಖಂಡ ಕಾಣತಾವ, ಅದು ಕೆಲಸದ ವೇಷ, ಯಾರೂ ಹುಳುಕು ಹುಡುಕೂದಿಲ್ಲ. ಸೆರಗು ಹೆಗಲಿಂದ ತಂದು ನಡಕ್ಕ ಕಟ್ಟಿದ್ರ ಬಟ್ಟಿ ಸಿಮ್ಯುಲೇಶನ್ ಬೇಕಾಗೂದಿಲ್ಲ. ಮ್ಯಾಲೆ ಗುಳೇದಗುಡ್ಡದ ಖಣದ ಕುಬಸ, ಖಣದ ಅಂಚು ತೋಳಿನ ತುದಿಗೆ ಬರಬೇಕು. ಇಳಕಲ್ ಸೀರಿ ಮಾಡತೀರಂದ್ರ ಸೆರಗು ಬ್ಯಾರೆ ನೂಲು, ಒಡಲು ಬ್ಯಾರೆ ನೂಲು, ಎರಡನ್ನೂ ಕೊಂಡಿ ಹಾಕಿ ಕೂಡಸ್ತಾರ. ಅದಕ್ಕ ಟೆಕ್ಸ್ಚರಿನಾಗ ಸೆರಗಿನ ಕೆಂಪು ಒಡಲಿನ ಬಣ್ಣದೊಳಗ ಕರಗಬಾರದು, ಅಡ್ಡಗೆರಿ ಕಾಣಬೇಕು. ಸೆರಗಿನ ತೋಪ್ ತೆನಿ ಬಿಳಿ ಹಲ್ಲಿನ ಸಾಲು. ದಡಿಗೆ ಗೋಮಿ ಇಲ್ಲಾ ಚಿಕ್ಕಿ ಪರಾಸ್ ಒಂದನ್ನ ಆರಿಸ್ಕೊಳ್ರಿ, ಎರಡೂ ತುರುಕಬ್ಯಾಡ್ರಿ.

ಕಚ್ಚಿ ತಪ್ಪೂದು ವೇಟ್ ಪೇಂಟಿನಾಗ (ಯಾವ ಮೂಳಿ ಬಟ್ಟಿನ್ನ ಎಷ್ಟು ಎಳೀಬೇಕು ಅನ್ನೋ ಲೆಕ್ಕ). ಬ್ಲೆಂಡರಿನ ಆಟೋಮ್ಯಾಟಿಕ್ ವೇಟ್ ಬಿಟ್ರ ಕಾಲ ನಡುವಿನ ಬಟ್ಟಿ ಅರ್ಧ ಎಡ ತೊಡಿಗೆ, ಅರ್ಧ ಬಲ ತೊಡಿಗೆ ಹೋಗಿ ಜಿಗಿದಾಗ ರಬ್ಬರಿನಂಗ ಹಿಗ್ಗತೈತಿ. ನಡುವಿನ ಮಡಿಕಿಗೆ ಸೊಂಟ 0.7, ಎರಡೂ ತೊಡಿ 0.15ರಂಗ ಕೊಡ್ರಿ. ತೊಡಿ 90 ಡಿಗ್ರಿ ಮಡಚಿದಾಗಿನ ಒಂದು ಶೇಪ್ ಕೀ (ಆ ಭಂಗಿಗೆ ಕೈಯಿಂದ ತಿದ್ದಿಟ್ಟ ಆಕಾರ) ಮಾಡ್ರಿ. ಬಟ್ಟಿ ಕೆಳಗಿನ ಮೈ ಮೆಶ್ (ತ್ರಿಕೋನಗಳ ಮೈ) ಅಳಿಸಿಬಿಡ್ರಿ, ಇಲ್ಲಾಂದ್ರ ಓಡುವಾಗ ಚರ್ಮ ತೂರಿ ಹೊರಗ ಬರತೈತಿ. ಮೊಬೈಲಿನಾಗ ಆ ಒಂದು ತಪ್ಪೇ ಸ್ಕ್ರೀನ್‌ಶಾಟ್ ಆಗಿ ಊರೆಲ್ಲಾ ತಿರಗತೈತಿ. ಪಾತ್ರ ಒಟ್ಟು 12-15 ಸಾವಿರ ತ್ರಿಕೋನ, 2048 ಪಿಕ್ಸೆಲ್ಲಿನ ಒಂದು ಟೆಕ್ಸ್ಚರ್ ಸಾಕು.

ಆಯುಧಕ್ಕ ಪಟ್ಟಾ ಕೊಡ್ರಿ. ಮುಂಗೈ ಪೂರಾ ಮುಚ್ಚೋ ಲೋಹದ ಹಿಡಿಕಿ, ಉದ್ದ ಅಲಗು. ಮಣಿಕಟ್ಟು ಮಡಚಾಕ ಬರೂದಿಲ್ಲ, ಹಿಂಗಾಗಿ ಹೊಡೆತ ಮೊಳಕೈ, ಹೆಗಲು, ನಡದಿಂದ ಬರತೈತಿ. ಅನಿಮೇಶನ್ ತನ್ನಷ್ಟಕ್ಕ ಗಟ್ಟಿ ಆಗತೈತಿ. ಹಿಮ್ಮಡ ಮೊದಲು ಕಿತ್ತು ಒಗೀರಿ, ಬರಿಗಾಲು ಇಲ್ಲಾ ಚಪ್ಪಟೆ ಚಪ್ಪಲಿ.

ಹೊಂಗಲ_ಪಿಕ್ಸೆಲ್, ಬೆಳಗಾವಿ

ಭಾಳ ಉಪಕಾರ ಆತ್ರಿ ಅಕ್ಕಾರ, ಎಲ್ಲಾರಿಗೂ. ಚಾರ್‌ಆಯಿನಾ, ಪಟ್ಟಾ ಆರ್ಟಿಸ್ಟಿಗೂ ಹಿಡಿಸ್ಯಾವ. ಇನ್ನೆರಡು ಕೇಳತೀನಿ. ಹೊಸ ಸ್ಕೆಚ್ ಮಾಡಸೂ ಮುಂದ ಏನಂತ ಬರದು ಕೊಡಬೇಕು? ಪ್ಲೇ ಸ್ಟೋರಿನಾಗ ರೇಟಿಂಗಿಗೆ ಇದರಿಂದ ಏನರ ಪೆಟ್ಟು ಬೀಳತೈತೇನು?

ರಿಗ್ಗರ್_ವಿಜಯಪುರ

"ಸೆಕ್ಸಿ ಬೇಡ" ಎಂದು ಬರೆದುಕೊಟ್ಟರೆ ಕಲಾವಿದನಿಗೆ ಏನೂ ತಿಳಿಯುವುದಿಲ್ಲ, ಬರೀ ಬಟ್ಟೆ ಸೇರಿಸಿ ಅದೇ ಭಂಗಿ ವಾಪಸ್ ಕಳಿಸುತ್ತಾನೆ. ಆಕೆ ಏನು ಮಾಡುತ್ತಾಳೆ ಎಂದು ಬರೆಯಿರಿ: ವಯಸ್ಸು 30ರ ಹತ್ತಿರ, ಕುದುರೆ ಸವಾರಿಯಿಂದ ತೊಡೆ ಗಟ್ಟಿ, ಪಟ್ಟಾ ಬೀಸಿ ಬಲ ಹೆಗಲು ತುಸು ದಪ್ಪ, ಬಿಸಿಲಿಗೆ ಕಂದಿದ ಮೈಬಣ್ಣ. ವಯಸ್ಸನ್ನು ಅಂಕಿಯಲ್ಲೇ ಬರೆಯುವುದು ಮುಖ್ಯ. ಬರೆಯದಿದ್ದರೆ ಮುಖ ಹುಡುಗಿಯದು, ಮೈ ದೊಡ್ಡವಳದು ಆಗಿ ಬರುತ್ತದೆ, ಅದಕ್ಕಿಂತ ಕೆಟ್ಟ ಫಲಿತಾಂಶ ಇನ್ನೊಂದಿಲ್ಲ. ಬಣ್ಣಕ್ಕೆ ಮುಂಚೆ ಪೂರ್ತಿ ಕಪ್ಪು ತುಂಬಿದ ಆರು ನೆರಳು ಚಿತ್ರ ಕೇಳಿ, 64 ಪಿಕ್ಸೆಲ್ ಎತ್ತರಕ್ಕೆ ಇಳಿಸಿ ನೋಡಿ. ಕಚ್ಚೆ, ಜಡೆ, ಪಟ್ಟಾದಿಂದ ಗುರುತು ಸಿಕ್ಕಿದರೆ ಆ ನೆರಳನ್ನು ಆರಿಸಿ. ಎದೆಯ ಉಬ್ಬಿನಿಂದ ಮಾತ್ರ ಗುರುತು ಸಿಕ್ಕರೆ ಬಿಡಿ.

ರೇಟಿಂಗ್ ಬರುವುದು ಪ್ಲೇ ಕನ್ಸೋಲಿನ ಐಎಆರ್‌ಸಿ (ವಯಸ್ಸಿನ ರೇಟಿಂಗ್ ಕೊಡುವ ಅಂತಾರಾಷ್ಟ್ರೀಯ ವ್ಯವಸ್ಥೆ) ಪ್ರಶ್ನಾವಳಿಯಿಂದ, ಅದಕ್ಕೆ ಹಣವಿಲ್ಲ. ಹಿಂಸೆ, ಲೈಂಗಿಕ ವಿಷಯ, ಭಾಷೆ ಎಲ್ಲದರ ಬಗ್ಗೆ ಕೇಳುತ್ತಾರೆ. ನಮ್ಮಲ್ಲಿ 3+, 7+, 12+, 16+, 18+ ಎಂದು ತೋರಿಸುತ್ತದೆ. ಕತ್ತಿ ಕಾಳಗ ಇದ್ದಮೇಲೆ 3+ ಆಸೆ ಬೇಡ. ರಕ್ತ ಎಷ್ಟು ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಅದರ ಮೇಲೆ ಕಾಮಪ್ರಚೋದಕ ಉಡುಪು ಅಥವಾ ಭಂಗಿಗೆ ಹೌದು ಎಂದರೆ ಇನ್ನೂ ಮೇಲೆ ಹೋಗಬಹುದು. ಇಲ್ಲ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ್ಯಪ್ ತೆಗೆಯುವ ಅಧಿಕಾರ ಗೂಗಲ್‌ಗೆ ಇದೆ.

ಬಹಳ ಜನ ಮರೆಯುವುದು ಇನ್ನೊಂದಿದೆ. ಆಟದ ರೇಟಿಂಗ್ ಏನೇ ಇರಲಿ, ಅಂಗಡಿಯ ಪುಟದ ಚಿತ್ರಗಳು ಎಲ್ಲ ವಯಸ್ಸಿನವರ ಕಣ್ಣಿಗೂ ಬೀಳುತ್ತವೆ, ಅಲ್ಲಿ ಕಾಮಪ್ರಚೋದಕ ಚಿತ್ರಕ್ಕೆ ಅವಕಾಶವಿಲ್ಲ. ಐಕಾನ್ 512 × 512, ಫೀಚರ್ ಗ್ರಾಫಿಕ್ 1024 × 500. ಐಕಾನಿನಲ್ಲಿ ಮುಖ ಮತ್ತು ಪಟ್ಟಾದ ಹಿಡಿಕೆ ಇಡಿ, ಫೋನಿನ ಮೇಲೆ ಅಷ್ಟು ಚಿಕ್ಕದರಲ್ಲಿ ಅವೆರಡೇ ಓದಲು ಬರುವುದು. ಸ್ಕ್ರೀನ್‌ಶಾಟ್‌ಗಳನ್ನು ಆಟದ ನಿಜ ಕ್ಯಾಮೆರಾದಿಂದಲೇ ತೆಗೆಯಿರಿ, ಬೇರೆ ಕ್ಯಾಮೆರಾ ಇಟ್ಟು ಪೋಸ್ ಕೊಡಿಸಬೇಡಿ. ಹೊಸ ನೆರಳು ಚಿತ್ರಗಳು ಬಂದಮೇಲೆ ಇಲ್ಲಿ ಹಾಕಿ, ಕಚ್ಚೆಯ ಮಡಿಕೆಯನ್ನು ಇಳಕಲ್ಲಿನವರು ನೋಡಲಿ, ಮೂಳೆಗಳನ್ನು ನಾನು ನೋಡುತ್ತೇನೆ.